ಖೋ-ಖೋ ಆಡುವ ಮಗನ ಮಂಡಿ ಕೆಳಗೆ ಗಂಟು. ಆಟ ಬಿಡಿಸಬೇಕಾ?

ಹಾಸನದ ಅಪ್ಪ:
ಮಗನಿಗೆ 13 ವರ್ಷ, ಎಂಟನೇ ಕ್ಲಾಸು. ಸ್ಕೂಲ್ ಟೀಮಿನಲ್ಲಿ ಖೋ-ಖೋ ಆಡುತ್ತಾನೆ, ಸಂಜೆ ಜಿಲ್ಲಾ ಕ್ರೀಡಾಂಗಣಕ್ಕೂ ಹೋಗುತ್ತಾನೆ. ಎರಡು ತಿಂಗಳಿಂದ ಬಲ ಮಂಡಿ ನೋವು. ಚಿಪ್ಪಿನ ಕೆಳಗೆ ಗೋಲಿಯಷ್ಟು ದಪ್ಪ ಗಂಟು ಎದ್ದಿದೆ. ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಾನೆ. ಓಡುವಾಗ ಅಷ್ಟಿಲ್ಲ. ಕುಕ್ಕರುಗಾಲಲ್ಲಿ ಕೂತವನು ‘ಖೋ’ ಬಿದ್ದ ಕೂಡಲೇ ಎದ್ದು ನುಗ್ಗಬೇಕಲ್ಲ, ಆಗ ಮುಖ ಕಿವುಚುತ್ತಾನೆ.

ಎಕ್ಸ್‌ರೇ ನೋಡಿದ ಡಾಕ್ಟರು ‘ಆಸ್‌ಗುಡ್-ಶ್ಲಾಟರ್, ಬೆಳೆಯುವ ವಯಸ್ಸಿನದು, ರೆಸ್ಟ್ ಮಾಡಿಸಿ’ ಅಂದು ಎರಡೇ ನಿಮಿಷಕ್ಕೆ ಕಳಿಸಿದರು. ರೆಸ್ಟ್ ಅಂದರೆ ಎಷ್ಟು ದಿನ? ನಮ್ಮಮ್ಮ ಮೂಳೆ ಜರುಗಿದೆ, ಎಣ್ಣೆ ಹಾಕಿ ನೀವಿಸು ಅಂತ ಹಠ ಹಿಡಿದಿದ್ದಾರೆ. ಇವನೋ, ನೋವು ಮುಚ್ಚಿಡಲು ಶುರು ಮಾಡಿದ್ದಾನೆ. ನನಗೆ ಅದೇ ಭಯ.

ಸಕಲೇಶಪುರದ ಅಮ್ಮ:
ದಯವಿಟ್ಟು ನೀವಿಸಬೇಡಿ ಸಾರ್. ವಾಲಿಬಾಲ್ ಆಡುವ ಮಗಳಿಗೆ ನಾವು ಅದೇ ತಪ್ಪು ಮಾಡಿದೆವು. ಮಾರನೇ ದಿನ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಬಟ್ಟೆಯಲ್ಲಿ ಐಸ್ ಸುತ್ತಿ, ಆಟ ಮುಗಿದ ಮೇಲೆ 15 ನಿಮಿಷ ಇಡುತ್ತಿದ್ದೆ. ಗಂಟು ಈಗಲೂ ಇದೆ, ನೋವಿಲ್ಲ. ನೆಲ ಒರೆಸಲು ಮಂಡಿಯೂರಿದರೆ ಮಾತ್ರ ಚುರುಕ್ ಅನ್ನುತ್ತದಂತೆ. (ಒರೆಸದೇ ಇರಲು ನೆಪವೂ ಇರಬಹುದು!)

ಚಿಕ್ಕಮಗಳೂರಿನ ಫಿಸಿಯೋ:
ಮೂಳೆ ಜರುಗಿಲ್ಲ, ಅಜ್ಜಿಗೆ ಹೇಳಿ. ತೊಡೆಯ ಮುಂದಿನ ಸ್ನಾಯುವಿನ ಎಳೆತವೆಲ್ಲ ಚಿಪ್ಪು ದಾಟಿ ಆ ಗಂಟಿನ ಜಾಗಕ್ಕೇ ಬರುತ್ತದೆ. ಈ ವಯಸ್ಸಲ್ಲಿ ಅಲ್ಲಿ ಮೂಳೆ ಇನ್ನೂ ಎಳೆಯದು. ಕೂತು ಎದ್ದಾಗಲೆಲ್ಲ ಜಗ್ಗುತ್ತದೆ.

ಆಟ ಪೂರ್ತಿ ಬಿಡಿಸಬೇಕಿಲ್ಲ. ನೋವು 10ಕ್ಕೆ ಎಷ್ಟು ಅಂತ ಅವನನ್ನೇ ಕೇಳಿ. 3ರ ಒಳಗಿದ್ದು, ಮಾರನೇ ಬೆಳಗ್ಗೆ ಜಾಸ್ತಿಯಾಗದಿದ್ದರೆ ಸ್ವಲ್ಪ ಆಡಲಿ. ಚೇಸಿಂಗ್‌ಗೆ ಕೂರುವುದು, ಕಂಬದ ಡೈವ್ ಸದ್ಯಕ್ಕೆ ಬೇಡ. ಕಾಲು ಚಾಚಿ ತೊಡೆ ಬಿಗಿಹಿಡಿದು 10 ಎಣಿಸಿ ಬಿಡುವುದನ್ನು ದಿನಾ ಮಾಡಿಸಿ. ತೊಡೆಯ ಹಿಂಭಾಗದ ಸ್ಟ್ರೆಚಿಂಗ್ ಕೂಡ. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷದ ಮೇಲೂ. ರಾತ್ರಿ ನಿದ್ದೆ ಕೆಡಿಸುವ ನೋವು, ಜ್ವರ, ಇಡೀ ಮಂಡಿ ಊತ, ಮಂಡಿ ಸಿಕ್ಕಿಹಾಕಿಕೊಳ್ಳುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಮತ್ತೆ ತೋರಿಸಿ.

ಹಾಸನದ ಅಪ್ಪ:
ಬೆಳೆಯುವುದು ನಿಜ ಸಾರ್, ಜೂನ್‌ನಲ್ಲಿ ಹೊಲಿಸಿದ ಪ್ಯಾಂಟು ಆಗಲೇ ಮೇಲೆ ಬಂದಿದೆ. ನಿನ್ನೆ ಊಟಕ್ಕೆ ಕೂತಾಗ ಕೇಳಿದೆ. ‘2’ ಅಂದ. ಅಜ್ಜಿ ಎದ್ದು ಹೋದ ಮೇಲೆ ಮೆಲ್ಲಗೆ ‘6’ ಅಂದ. ಇವತ್ತು ಪಿ.ಟಿ. ಮೇಷ್ಟ್ರಿಗೆ ಫೋನ್ ಮಾಡುತ್ತೇನೆ.