ಕಟ್ಟಡ 'ಅಲ್ಲಾಡುತ್ತದೆ' ಅನ್ನಬಹುದೇ? 'ತೊನೆ', 'ಬಳುಕು' ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಕನಕಪುರ ರಸ್ತೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೆಲಮಾಳಿಗೆಗೊಂದು, ನಡುವಿನ ಮಹಡಿಗೊಂದು, ತಾರಸಿಗೊಂದು ಕಂಪನಮಾಪಕ ಕೂರಿಸಿದ್ದಾರೆ. ಗಾಳಿಗೆ, ಭೂಕಂಪಕ್ಕೆ ಇಡೀ ಕಟ್ಟಡ ಹೇಗೆ ಸ್ಪಂದಿಸುತ್ತದೆಂದು ನೋಡುವುದಕ್ಕೆ. ಕನ್ನಡದ ಸೂಚನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ಕಟ್ಟಡ ಎಷ್ಟು ಅಲ್ಲಾಡುತ್ತದೆಂದು ಅಳೆಯುವ ಯಂತ್ರ' ಎಂದು ಬರೆದು ಲಿಫ್ಟ್ ಪಕ್ಕ ಅಂಟಿಸಿದೆ. ಸಂಜೆಗೇ ಮೂರನೇ ಮಹಡಿಯ ಅಜ್ಜಿ ಬಂದು, "ಪಿಲ್ಲರ್ ಸಡಿಲ ಆಗಿದೆಯೇನಮ್ಮಾ?" ಎಂದರು. ಅವರು ಓದಿಕೊಂಡದ್ದು ಸರಿಯಾಗಿಯೇ ಇದೆ. ಹಲ್ಲು ಅಲ್ಲಾಡುತ್ತದೆ, ಮೇಜಿನ ಕಾಲು ಅಲ್ಲಾಡುತ್ತದೆ ಅಂದರೆ ಬುಡ ಸಡಿಲ ಎಂದೇ ಅರ್ಥ.

ಗಟ್ಟಿಮುಟ್ಟಾದ ಕಟ್ಟಡಕ್ಕೂ ಜೋಕಾಲಿಯ ಹಾಗೆ ತನ್ನದೇ ಒಂದು ಲಯವಿರುತ್ತದೆ. ಕಟ್ಟಡಗಳು ಭೂಕಂಪ ತಾಳುವಂತೆ ಕಟ್ಟಲು ಇರುವ ಭಾರತೀಯ ಮಾನಕ ಐಎಸ್ 1893ರ ಸೂತ್ರದಲ್ಲಿ, ಇಟ್ಟಿಗೆ ಗೋಡೆ ಲೆಕ್ಕಕ್ಕೆ ಹಿಡಿಯದೆ ಬರೀ ಕಾಂಕ್ರೀಟ್ ಕಂಬ-ತೊಲೆಗಳ 30 ಮೀಟರ್ ಕಟ್ಟಡಕ್ಕೆ ಒಂದು ಸಲ ಹೋಗಿಬರಲು ಸುಮಾರು 1 ಸೆಕೆಂಡು. ಇದನ್ನು 'ಅದುರು' ಅನ್ನಲು ಮನಸ್ಸು ಬಾರದು. ಲಾರಿ ಹೋದಾಗ ಕಿಟಕಿ ಗಾಜು ಅದುರುತ್ತದೆ, ಅದು ಬಲು ಬಿರುಸು. 'ನಡುಗು' ಚಳಿಗೆ, ಭಯಕ್ಕೆ. 'ವಾಲು' ಬೇಡವೇ ಬೇಡ: ನಮ್ಮೂರ ಪತ್ರಿಕೆಗಳಲ್ಲಿ 'ವಾಲಿದ ಕಟ್ಟಡ' ಅಂದರೆ ಕೆಡವಬೇಕಾದದ್ದು. 'ತೂಗಾಡು' ಅಂದರೆ ಹಿಡಿತ ಮೇಲಿರಬೇಕು, ಇಲ್ಲಿ ಹಿಡಿತ ಕೆಳಗಿದೆ.

ನನಗೆ ಹಿಡಿಸಿರುವುದು 'ತೊನೆ'. ರಾಗಿ ತೆನೆ ತೊನೆಯುತ್ತದೆ, ತೆಂಗು ತೊನೆಯುತ್ತದೆ. ಬೇರು ಕದಲದು, ತಲೆ ಹೋಗಿ ಮರಳುತ್ತದೆ. ವಾಕ್ಯದಲ್ಲಿಟ್ಟೂ ನೋಡಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪಸಾಡೆನಾದಲ್ಲಿ 9 ಅಂತಸ್ತಿನ ಮಿಲಿಕನ್ ಗ್ರಂಥಾಲಯದ ಕಂಪನವನ್ನು 1960ರ ದಶಕದಿಂದ ಅಳೆಯುತ್ತಾ ಬಂದಿದ್ದರು. '1971ರ ಸ್ಯಾನ್ ಫರ್ನಾಂಡೊ ಭೂಕಂಪದ ಬಳಿಕ ಅದರ ತೊನೆದಾಟ ನಿಧಾನವಾಯಿತು. ಕಟ್ಟಡದ ಬಿಗಿ ಇಳಿದಿದೆ ಎನ್ನುವುದಕ್ಕೆ ಅದೇ ಗುರುತು.' ನನ್ನ ಕಿವಿಗೆ ಒಪ್ಪುತ್ತದೆ. ಆದರೆ ತೊನೆಯುವುದರಲ್ಲಿ ಒಂದು ಸೊಗಸೂ ಇದೆ. ಭೂಕಂಪದ ಮಾತಿಗೆ ಆ ಸೊಗಸು ಹೊಂದೀತೇ? 'ಬಳುಕು' ಎಂದರೆ ಬಾಗುವ ಗುಣ ಬರುತ್ತದೆ, ಆದರೆ ಓದಿದವರಿಗೆ ನಡು ನೆನಪಾಗುತ್ತದೆ.

ಇನ್ನೊಂದು: ತೊನೆದಾಟ ತಾನಾಗಿ ಇಳಿಯುತ್ತಾ ನಿಲ್ಲುವುದಕ್ಕೆ ಪಠ್ಯಪುಸ್ತಕದಲ್ಲಿ 'ಅವಮಂದನ' ಇದೆ. ಅಜ್ಜಿಗೆ ಅದನ್ನು ಹೇಳಲಾರೆ. 'ಅಡಗು' ಸಾಕೇ? ಕಡಲ ಕಡೆ ದೋಣಿಯವರೋ, ತೋಟದಲ್ಲಿ ಅಡಿಕೆ ಮರ ಹತ್ತುವವರೋ ಆಡುವ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಹಳೆಯ ಸೂಚನೆ ಕಿತ್ತಿದ್ದೇನೆ, ಆ ಜಾಗ ಇನ್ನೂ ಖಾಲಿಯಿದೆ.