ಕರೆ ‘ಹಾಯಿಸು’ ಅನ್ನಬಹುದೇ? ಡಯಲ್ ಪ್ಲಾನ್ ಸುತ್ತಲಿನ ಪದಗಳು

ಹಳೆಯ ಫೋನನ್ನೇ ಸಿಕ್ಕಿಸಿ ಇಂಟರ್ನೆಟ್ ಮೂಲಕ ಮಾತಾಡಲು ಒಂದು ಪುಟ್ಟ ಡಬ್ಬಿ ಬರುತ್ತದಲ್ಲ, ಎಟಿಎ ಅಥವಾ ಸುಮ್ನೆ ಅಡಾಪ್ಟರ್ ಅನ್ನುತ್ತಾರೆ, ಅದರ ಸೆಟ್ಟಿಂಗ್ಸ್ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವೈರ್ ಎಲ್ಲಿಗೆ, ಪಾಸ್‌ವರ್ಡ್ ಎಲ್ಲಿಗೆ ಅನ್ನುವ ಭಾಗ ಸಲೀಸಾಗಿ ಮುಗಿಯಿತು. ಗಾಡಿ ನಿಂತಿರುವುದು ‘ಕಾಲ್ ರೂಟಿಂಗ್’ ಅಧ್ಯಾಯದಲ್ಲಿ. ಯಾವ ನಂಬರ್ ಒತ್ತಿದರೆ ಕರೆ ಯಾವ ಲೈನಿನಿಂದ ಹೊರಗೆ ಹೋಗಬೇಕು, ಒಳಗೆ ಬಂದ ಕರೆ ಎಲ್ಲಿ ರಿಂಗ್ ಆಗಬೇಕು ಎಂದು ಬರೆದಿಡುವ ಸಾಲುಗಳವು. ಅಲ್ಲಿ ಬರುವ ಪದಗಳಿಗೆ ಕನ್ನಡ ಹುಡುಕಿದರೆ ಸಿಗುವುದೇನೋ ಸಿಗುತ್ತದೆ, ಆದರೆ ಸಿಕ್ಕ ಪದ ಬೇರೆ ಯಾವುದೋ ಅರ್ಥವನ್ನು ಹೊತ್ತುಕೊಂಡೇ ಬರುತ್ತದೆ.

ಮೊದಲು ರೂಟಿಂಗ್. ಹಾಗೇ ಇಟ್ಟುಬಿಡೋಣ ಅಂದರೆ ಒಂದು ತೊಡಕಿದೆ. ಓದುವವರ ಮನೆಯಲ್ಲಿ ಆಗಲೇ ಒಂದು ರೂಟರ್ ಇದೆ, ಅದು ವೈಫೈ ಕೊಡುವ ಡಬ್ಬಿ. ಅಡಾಪ್ಟರಿನ ಪುಟದಲ್ಲಿ ‘ರೂಟಿಂಗ್’ ಎಂದು ಕಂಡರೆ ಅವರು ವೈಫೈ ಡಬ್ಬಿಯ ಸೆಟ್ಟಿಂಗ್ಸ್ ತೆರೆಯುತ್ತಾರೆ. ಎರಡೂ ಬೇರೆ ಕೆಲಸ. ರೂಟರ್ ದಾರಿ ತೋರಿಸುವುದು ಡೇಟಾ ತುಣುಕುಗಳಿಗೆ, ಅಡಾಪ್ಟರ್ ದಾರಿ ತೋರಿಸುವುದು ಇಡೀ ಕರೆಗೆ, ಅದೂ ಒತ್ತಿದ ಅಂಕಿಗಳನ್ನು ನೋಡಿಕೊಂಡು. ‘ಮಾರ್ಗಸೂಚಿ’ ಅಂದರೆ ಸುತ್ತೋಲೆಯ ವಾಸನೆ ಬರುತ್ತದೆ. ‘ಮಾರ್ಗ ನಿರ್ದೇಶನ’ ಅರ್ಥದಲ್ಲಿ ಸರಿ, ಆದರೆ ಅದನ್ನು ಕ್ರಿಯಾಪದ ಮಾಡಲು ಹೋದರೆ ‘ಕರೆಯನ್ನು ಮಾರ್ಗ ನಿರ್ದೇಶಿಸಿ’ ಎಂದಾಗುತ್ತದೆ. ಇದನ್ನು ಯಾರು ಓದುತ್ತಾರೆ?

ನನ್ನ ಮನಸ್ಸಿಗೆ ಬಂದಿದ್ದು ‘ಹಾಯಿಸು’. ಗದ್ದೆಗೆ ನೀರು ಹಾಯಿಸುವುದು ಅನ್ನುತ್ತೇವೆ. ಒಂದೇ ಕಾಲುವೆಯ ನೀರು, ಯಾವ ಮಡಿಗೆ ಬಾಯಿ ತೆಗೆದಿದ್ದೇವೋ ಅಲ್ಲಿಗೆ ಹೋಗುತ್ತದೆ. ಅಡಾಪ್ಟರ್ ಮಾಡುವುದೂ ಹೆಚ್ಚುಕಡಿಮೆ ಅದೇ. ಕಣ್ಣು ಹಾಯಿಸು ಅನ್ನುವುದೂ ಇದೆ, ಹೊಳೆ ಹಾಯುವುದೂ ಇದೆ. ಎತ್ತು ಹಾಯುತ್ತದೆ ಅನ್ನುವುದು ಬೇರೆ ಕಥೆ, ಆದರೆ ‘ಹಾಯಿಸು’ ಅಂದಾಗ ಯಾರೂ ಕೊಂಬನ್ನು ನೆನೆಸಿಕೊಳ್ಳುವುದಿಲ್ಲ ಅಂದುಕೊಂಡಿದ್ದೇನೆ. ‘ಸಾಗಿಸು’ ಸರಕಿಗೆ ಸರಿ. ‘ರವಾನಿಸು’ ಅಂದರೆ ಕಾಗದ ಪತ್ರ ಕಳಿಸಿದ ಹಾಗೆ. ‘ಕಳಿಸು’ ಸುಲಭ, ಆದರೆ ಹಲವು ದಾರಿಗಳಲ್ಲಿ ಒಂದನ್ನು ಆರಿಸಿ ಕಳಿಸುವುದು ಅನ್ನುವ ಭಾವ ಅದರಲ್ಲಿಲ್ಲ.

‘ತಿರುಗಿಸು’ ಯಾಕೆ ಬೇಡ ಎಂದು ಕೇಳಬಹುದು. ಅದನ್ನು ಬೇರೆ ಕೆಲಸಕ್ಕೆ ಎತ್ತಿಟ್ಟಿದ್ದೇನೆ. ಇಲ್ಲಿ ಮೂರು ಸಂಗತಿಗಳಿವೆ, ಮೂರನ್ನೂ ಒಂದೇ ಪದದಲ್ಲಿ ಹೇಳಿದರೆ ಕೈಪಿಡಿಯೇ ಕೆಟ್ಟುಹೋಗುತ್ತದೆ. ಒಂದು, ನಾವು ಮಾಡುವ ಕರೆ ಯಾವ ಲೈನಿನಿಂದ ಹೋಗಬೇಕು ಅನ್ನುವುದು, ಅಂದರೆ ರೂಟಿಂಗ್. ಎರಡು, ನಮಗೆ ಬಂದ ಕರೆಯನ್ನು ನಾವು ಎತ್ತುವ ಮೊದಲೇ ಇನ್ನೊಂದು ನಂಬರಿಗೆ ಕಳಿಸುವುದು, ಫಾರ್ವರ್ಡ್. ಮೂರು, ಮಾತಾಡುತ್ತಿರುವಾಗಲೇ ಆ ಕಡೆಯವರನ್ನು ಬೇರೆಯವರಿಗೆ ಕೊಡುವುದು, ಟ್ರಾನ್ಸ್‌ಫರ್. ಒಳಗಿನ ತಂತ್ರದಲ್ಲೂ ಇವು ಬೇರೆ ಬೇರೆಯೇ. ಇಂಟರ್ನೆಟ್ ಕರೆ ನಡೆಯುವುದು ಸಾಮಾನ್ಯವಾಗಿ ಸಿಪ್ ಎಂಬ ಪ್ರೋಟೋಕಾಲಿನಲ್ಲಿ (ಪ್ರೋಟೋಕಾಲ್ ಅಂದರೆ ಡಬ್ಬಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಒಪ್ಪಿತ ಕ್ರಮ), ಅದರ ಮುಖ್ಯ ದಾಖಲೆ 2002ರ ಆರ್‌ಎಫ್‌ಸಿ 3261. ಅದರಲ್ಲಿ ಫಾರ್ವರ್ಡ್ ಮಾಡುವ ಒಂದು ಬಗೆ ಅಂದರೆ ಕರೆದವರಿಗೆ 302 ಎಂಬ ಉತ್ತರ ಕೊಡುವುದು, ‘ಸದ್ಯಕ್ಕೆ ಇಲ್ಲಿಲ್ಲ, ಈ ವಿಳಾಸಕ್ಕೆ ಹೋಗಿ’ ಅಂದ ಹಾಗೆ. ಟ್ರಾನ್ಸ್‌ಫರ್‌ಗೆ ‘ರೆಫರ್’ ಎಂಬ ಬೇರೆಯೇ ಸಂದೇಶ ಇದೆ, ಅದು ಮರುವರ್ಷ ಆರ್‌ಎಫ್‌ಸಿ 3515ರಲ್ಲಿ ಬಂತು. ನಾನು ಹೇಳುತ್ತಿರುವ ರೂಟಿಂಗ್‌ಗೆ ಇಂಥ ಸಂದೇಶವೇ ಇಲ್ಲ. ಅದು ಡಬ್ಬಿ ತನ್ನೊಳಗೇ ಮಾಡಿಕೊಳ್ಳುವ ತೀರ್ಮಾನ, ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ.

ಹಾಗಾಗಿ ನನ್ನ ಹಂಚಿಕೆ ಹೀಗಿದೆ: ರೂಟಿಂಗ್‌ಗೆ ಹಾಯಿಸು, ಫಾರ್ವರ್ಡ್‌ಗೆ ತಿರುಗಿಸು, ಟ್ರಾನ್ಸ್‌ಫರ್‌ಗೆ ‘ಲೈನ್ ಕೊಡು’. ‘ಅವರಿಗೆ ಲೈನ್ ಕೊಡ್ತೀನಿ ಇರಿ’ ಎಂದು ಆಫೀಸುಗಳಲ್ಲಿ ಆಗಲೇ ಅನ್ನುತ್ತಾರೆ. ‘ವರ್ಗಾವಣೆ’ ಅಂತ ಮಾತ್ರ ಯಾರೂ ಹೇಳಬೇಡಿ, ಅದು ನೌಕರರಿಗೆ ಆಗುವುದು. ‘ತಿರುಗಿಸು’ ಬಗ್ಗೆ ಒಂದೇ ಅಳುಕು. ಬೆರಳು ಹಾಕಿ ತಿರುಗಿಸುವ ಫೋನಿನ ಕಾಲದಲ್ಲಿ ‘ನಂಬರ್ ತಿರುಗಿಸು’ ಅಂದರೆ ಡಯಲ್ ಮಾಡು ಎಂದೇ ಅರ್ಥ ಇತ್ತು. ಗುಂಡಿ ಒತ್ತುವ ಫೋನ್ 1963ರಲ್ಲೇ ಬಂದರೂ ಆ ಮಾತನ್ನು ಬಳಸುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಗೊಂದಲ ಆದೀತೇ?

ಇನ್ನು ‘ಡಯಲ್ ಪ್ಲಾನ್’. ‘ಡಯಲ್ ಯೋಜನೆ’ ಅಂದ ಕೂಡಲೇ ಅರ್ಜಿ ಎಲ್ಲಿ ಹಾಕಬೇಕು, ಫಲಾನುಭವಿಗಳು ಯಾರು ಎಂದು ಕೇಳುವ ಹಾಗಾಗುತ್ತದೆ. ಅದೂ ಅಲ್ಲದೆ ಇಲ್ಲಿ ಯೋಜನೆ ಏನೂ ಇಲ್ಲ. ಯಾವ ಯಾವ ಬಗೆಯ ನಂಬರನ್ನು ಒಪ್ಪಬೇಕು, ಒಪ್ಪಿದ ಮೇಲೆ ಅದರಲ್ಲಿ ಏನು ಬದಲಿಸಬೇಕು ಎಂದು ಬರೆದ ಕಟ್ಟಳೆಗಳ ಒಂದು ಸರ ಅಷ್ಟೆ. ಕೆಲವು ಡಬ್ಬಿಗಳಲ್ಲಿ ಇದಕ್ಕೆ ‘ಡಿಜಿಟ್ ಮ್ಯಾಪ್’ ಅನ್ನುತ್ತಾರೆ. ಎಂಜಿಸಿಪಿ ಎಂಬ ಪ್ರೋಟೋಕಾಲಿನ 1999ರ ದಾಖಲೆಯಲ್ಲೇ ಈ ಹೆಸರಿದೆ. ‘ಅಂಕಿನಕ್ಷೆ’ ಎಂದು ಒಬ್ಬರು ಸೂಚಿಸಿದರು. ನನಗೆ ಅದು ಜನಗಣತಿಯ ಪುಸ್ತಕದ ಹಾಗೆ ಕೇಳುತ್ತದೆ. ‘ನಂಬರ್ ಕಟ್ಟಳೆ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ‘ನಿಯಮ’ ಅಂದರೂ ನಡೆಯುತ್ತದೆ, ಆದರೆ ನಿಯಮ ಅಂದರೆ ಜನ ಪಾಲಿಸಬೇಕಾದ್ದು ಅನ್ನಿಸುತ್ತದೆ. ಇಲ್ಲಿ ಪಾಲಿಸುವುದು ಡಬ್ಬಿ.

ಒಂದು ವಿಷಯ ಗಮನಿಸಿ. ಸಿಪುರಾ, ಆಮೇಲೆ ಲಿಂಕ್‌ಸಿಸ್ ಹೆಸರಿನಲ್ಲಿ ಬಂದ ಡಬ್ಬಿಗಳಲ್ಲಿ ನಂಬರ್ ಗುರುತಿಸುವುದು, ತಿದ್ದುವುದು, ಹಾಯಿಸುವುದು ಎಲ್ಲ ಒಂದೇ ಉದ್ದನೆಯ ಸಾಲಿನಲ್ಲಿ. ಒಬಿಹಾಯ್ ಡಬ್ಬಿಗಳಲ್ಲಿ ಗುರುತಿಸಲು ಡಿಜಿಟ್ ಮ್ಯಾಪ್ ಬೇರೆ, ಹಾಯಿಸಲು ಕಾಲ್ ರೂಟ್ ಬೇರೆ. ಅದಕ್ಕೇ ಎರಡಕ್ಕೂ ಎರಡು ಪದ ಬೇಕೇ ಬೇಕು ಅನ್ನುವುದು ನನ್ನ ಹಟ.

ಸಾಲಿನ ಒಳಗೆ ಹೋದರೆ ಇನ್ನೂ ಮಜಾ ಇದೆ. ಸಿಪುರಾ ಬಗೆಯ ಬರವಣಿಗೆಯಲ್ಲಿ ಹೀಗೊಂದು ಕಟ್ಟಳೆ ಇರಬಹುದು: <9:>[2-9]ಎಕ್ಸ್ಎಕ್ಸ್ಎಕ್ಸ್ಎಕ್ಸ್ಎಕ್ಸ್. ಎಕ್ಸ್ ಅಂದರೆ ಯಾವುದಾದರೂ ಒಂದು ಅಂಕಿ. ಚೌಕ ಕಂಸದಲ್ಲಿ 2ರಿಂದ 9ರವರೆಗೆ ಯಾವುದಾದರೂ ಆಗಬಹುದು. ಕೋನ ಕಂಸದಲ್ಲಿ ಎಡಗಡೆ ಇರುವುದು ನಾವು ಒತ್ತಿದ್ದು, ಬಲಗಡೆ ಇರುವುದು ಹೊರಗೆ ಹೋಗುವುದು. ಇಲ್ಲಿ ಬಲಗಡೆ ಖಾಲಿ, ಅಂದರೆ 9 ಒತ್ತಿ ಆರು ಅಂಕಿ ಒತ್ತಿದರೆ ಆರೇ ಹೊರಗೆ ಹೋಗುತ್ತವೆ. ಇದನ್ನು ಕನ್ನಡದಲ್ಲಿ ಹೇಳಿ ನೋಡೋಣ. ‘9 ಕಳೆಯಿರಿ’ ಅಂದರೆ ಲೆಕ್ಕದ ಕಳೆಯುವುದು ಎಂದುಕೊಳ್ಳುತ್ತಾರೆ. ಅದೇ ರೀತಿ <:0> ಎಂದು ಬರೆದರೆ ನಾವು ಒತ್ತದಿದ್ದರೂ ಒಂದು 0 ಸೇರಿಕೊಳ್ಳುತ್ತದೆ. ‘ಸೊನ್ನೆ ಕೂಡಿಸಿ’ ಅಂದರೆ? ಯಾವ ಸಂಖ್ಯೆಗೆ ಸೊನ್ನೆ ಕೂಡಿಸಿದರೂ ಅದು ಬದಲಾಗುವುದೇ ಇಲ್ಲವಲ್ಲ! ಹಾಗಾಗಿ ‘ಸೇರಿಸಿ’ ಮತ್ತು ‘ಬಿಡಿ’ ಎಂದಷ್ಟೇ ಬರೆಯುತ್ತಿದ್ದೇನೆ. ಇದೇ ಕಾರಣಕ್ಕೆ ‘ದೂರವಾಣಿ ಸಂಖ್ಯೆ’ ಅನ್ನುವುದನ್ನೂ ಬಿಟ್ಟಿದ್ದೇನೆ. ಫೋನ್ ನಂಬರ್ ಲೆಕ್ಕದ ಸಂಖ್ಯೆ ಅಲ್ಲ, ಅಂಕಿಗಳ ಸಾಲು. 0 ಬೇರೆ, 00 ಬೇರೆ.

ಇದಕ್ಕಿಂತ ದೊಡ್ಡ ತಲೆನೋವು ‘ಮುಂದೆ’. ‘ನಂಬರಿನ ಮುಂದೆ ಸೊನ್ನೆ ಹಾಕಿ’ ಎಂದು ಎಲ್ಲರೂ ಹೇಳುತ್ತಾರೆ. ಮುಂದೆ ಅಂದರೆ ಎಲ್ಲಿ? ಮನೆ ಮುಂದೆ ಅಂದರೆ ಮನೆಗೆ ಮೊದಲೇ ಸಿಗುವ ಜಾಗ. ಮುಂದೆ ಓದಿ ಅಂದರೆ ಆಮೇಲಿನದು. ಬರವಣಿಗೆ ಎಡದಿಂದ ಬಲಕ್ಕೆ ಸಾಗುತ್ತದೆ, ಹಾಗಾಗಿ ನಂಬರಿನ ಮುಂದೆ ಅಂದರೆ ಕೊನೆಯಲ್ಲಿ ಎಂದು ಅರ್ಥ ಮಾಡಿಕೊಂಡರೂ ತಪ್ಪೇನಿಲ್ಲ. ‘ಹಿಂದೆ’ ಕೂಡ ಅಷ್ಟೇ ಅಪಾಯ. ‘ಪೂರ್ವಪ್ರತ್ಯಯ’ ವ್ಯಾಕರಣದವರಿಗೆ ಇರಲಿ. ‘ಶುರುವಿನಲ್ಲಿ’ ಮತ್ತು ‘ಕೊನೆಯಲ್ಲಿ’ ಎಂದು ಬರೆದರೆ ಎರಡರ್ಥ ಇರುವುದಿಲ್ಲ ಅನ್ನಿಸುತ್ತದೆ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.

ಮ್ಯಾಚ್ ಅನ್ನುವುದಕ್ಕೆ ನನಗೆ ತಕರಾರೇ ಇಲ್ಲದ ಪದ ಸಿಕ್ಕಿದೆ: ತಾಳೆ. ಒತ್ತಿದ ಅಂಕಿಗಳು ಕಟ್ಟಳೆಗೆ ತಾಳೆಯಾದರೆ ಕರೆ ಹೋಗುತ್ತದೆ, ಆಗದಿದ್ದರೆ ಇಲ್ಲ. ‘ಹೊಂದಾಣಿಕೆ’ ಅಂದರೆ ಎರಡು ಕಡೆಯವರೂ ಸ್ವಲ್ಪ ಬಗ್ಗಿದ ಹಾಗೆ. ಡಬ್ಬಿ ಬಗ್ಗುವುದಿಲ್ಲ. ಪ್ಯಾಟರ್ನ್‌ಗೆ ಮಾತ್ರ ಏನೂ ಸಿಗುತ್ತಿಲ್ಲ. ‘ನಮೂನೆ’ ಅಂದರೆ ಭರ್ತಿ ಮಾಡಿ ಸಹಿ ಹಾಕಬೇಕಾದ್ದು. ‘ಮಾದರಿ’ ಅಂದರೆ ಅಡಾಪ್ಟರಿನ ಮಾಡೆಲ್ ಎಂದುಕೊಳ್ಳುತ್ತಾರೆ. ‘ಅಚ್ಚು’ ಹೇಗೆ? ಅಂಕಿಗಳು ಅಚ್ಚಿಗೆ ತಾಳೆಯಾದವು... ಕೇಳಲು ಚೆನ್ನಾಗಿದೆ, ಆದರೆ ಅಚ್ಚಿಗೆ ಏನಾದರೂ ಹೊಯ್ಯಬೇಕು ಅನ್ನಿಸುತ್ತದೆ, ಅಲ್ವಾ?

ಕಾಯುವ ಹೊತ್ತಿಗೆ ‘ಗಡುವು’ ಇಟ್ಟಿದ್ದೇನೆ. ಒಂದು ಅಂಕಿ ಒತ್ತಿ ಇನ್ನೊಂದನ್ನು ಒತ್ತುವವರೆಗೆ ಡಬ್ಬಿ ಎಷ್ಟು ಹೊತ್ತು ಕಾಯಬೇಕು ಅನ್ನುವುದು. ಸಿಪುರಾ ಬಗೆಯಲ್ಲಿ ಎರಡು ಗಡುವು: ಯಾವ ಕಟ್ಟಳೆಗೂ ಪೂರ್ತಿ ತಾಳೆಯಾಗದೆ ಅರ್ಧಕ್ಕೆ ನಿಂತಿದ್ದರೆ 10 ಸೆಕೆಂಡು, ಒಂದಕ್ಕೆ ತಾಳೆಯಾಗಿದೆ ಆದರೆ ಇನ್ನೂ ಉದ್ದದ್ದಕ್ಕೂ ಆಗಬಹುದು ಅಂದರೆ 3 ಸೆಕೆಂಡು. ಡಬ್ಬಿ ಬಂದಾಗ ಇರುವ ಲೆಕ್ಕ ಇದು, ಬದಲಿಸಬಹುದು. ಪೂರ್ತಿ ತಾಳೆಯಾಗಿ, ಇನ್ನು ಉದ್ದವಾಗುವ ಸಾಧ್ಯತೆಯೇ ಇಲ್ಲದಿದ್ದರೆ ಕಾಯುವುದೇ ಇಲ್ಲ. ನಂಬರ್ ಒತ್ತಿದ ಮೇಲೆ ಫೋನ್ ಸುಮ್ಮನೆ ಕೂತಿದೆ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಚುಕ್ಕಿಯ ವಿಷಯಕ್ಕೆ ಬಂದರೆ, ಪದ ಸರಿ ಇದ್ದರೂ ಅರ್ಥ ಒಂದೊಂದು ಕಡೆ ಒಂದೊಂದು. ಸಿಪುರಾ ಬಗೆಯಲ್ಲಿ ಎಕ್ಸ್ ಆದ ಮೇಲೆ ಚುಕ್ಕಿ ಇಟ್ಟರೆ ಆ ಎಕ್ಸ್ ಎಷ್ಟು ಸಲವಾದರೂ ಬರಬಹುದು, ಬರದೆಯೂ ಇರಬಹುದು. ಆಸ್ಟರಿಸ್ಕ್ ಎಂಬ ಫೋನ್ ಎಕ್ಸ್‌ಚೇಂಜ್ ತಂತ್ರಾಂಶದಲ್ಲಿ ಚುಕ್ಕಿ ಅಂದರೆ ಏನಾದರೂ ಆಗಬಹುದು, ಆದರೆ ಒಂದಾದರೂ ಇರಲೇಬೇಕು. ಸಾಲುಗಳ ಸರದಿಯೂ ಹಾಗೆಯೇ. ಒಬಿಹಾಯ್‌ನ ಕಾಲ್ ರೂಟ್‌ನಲ್ಲಿ ಮೊದಲು ತಾಳೆಯಾದದ್ದೇ ಗೆಲ್ಲುತ್ತದೆ. ಆಸ್ಟರಿಸ್ಕ್‌ನಲ್ಲಿ ಎಲ್ಲಿ ಬರೆದಿದ್ದೀರಿ ಅನ್ನುವುದಕ್ಕಿಂತ ಯಾವುದು ಹೆಚ್ಚು ಖಚಿತವಾಗಿದೆ ಅನ್ನುವುದು ಮುಖ್ಯ. ಹಾಗಾಗಿ ‘ಆದ್ಯತೆ’ ಎಂದು ಸುಮ್ನೆ ಬರೆದರೆ ಸಾಲದು, ಯಾವುದರ ಆದ್ಯತೆ ಎಂದೂ ಹೇಳಬೇಕು.

ಕೆಲವು ನಂಬರುಗಳಿಗೆ ಕರೆ ಹೋಗದಂತೆ ಮಾಡುವುದಕ್ಕೆ ‘ತಡೆ’ ಸಾಕು. ‘ತಡೆಹಿಡಿ’ ಬೇಡ, ಯಾಕೆಂದರೆ ಅದನ್ನು ಹೋಲ್ಡ್‌ಗೆ ಬಳಸಿರುವುದನ್ನೂ ನೋಡಿದ್ದೇನೆ. ಹೋಲ್ಡ್‌ನಲ್ಲಿ ಇಟ್ಟ ಕರೆ ಇನ್ನೂ ಜೀವಂತ ಇರುತ್ತದೆ, ತಡೆದ ಕರೆ ಹುಟ್ಟುವುದೇ ಇಲ್ಲ. ತುರ್ತು ನಂಬರಿನ ಸಾಲಿನ ಹತ್ತಿರ ಈ ವ್ಯತ್ಯಾಸ ಬಹಳ ಮುಖ್ಯ. 112ರಂಥ ನಂಬರ್ ಯಾವ ತಡೆಗೂ ಸಿಗಬಾರದು, ಗಡುವಿಗೂ ಕಾಯಬಾರದು, ಮನೆಯಲ್ಲಿ ಹಳೆಯ ತಂತಿ ಲೈನ್ ಇದ್ದರೆ ಅದರಲ್ಲೇ ಹಾಯಬೇಕು. ಕರೆಂಟ್ ಹೋದರೆ ಅಡಾಪ್ಟರ್ ಸತ್ತ ಹಾಗೆ. ತಂತಿ ಲೈನೂ ಸೇರುವ ಕೆಲವು ಡಬ್ಬಿಗಳು ಮಾತ್ರ ಆಗ ಫೋನನ್ನು ನೇರ ತಂತಿಗೆ ಕೂಡಿಸುತ್ತವೆ. ಇದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇನೆ.

ಪೋರ್ಟುಗಳ ಹೆಸರು ಬೇಗ ಮುಗಿಸುತ್ತೇನೆ. ಎಫ್‌ಎಕ್ಸ್‌ಎಸ್ ಅಂದರೆ ಫೋನ್ ಸಿಕ್ಕಿಸುವುದು, ಅದು ಫೋನಿಗೆ ಕರೆಂಟೂ ಡಯಲ್ ಟೋನೂ ಕೊಡುತ್ತದೆ. ಎಫ್‌ಎಕ್ಸ್‌ಒ ಅಂದರೆ ಹೊರಗಿನ ಲೈನ್ ಸಿಕ್ಕಿಸುವುದು, ಅದು ತೆಗೆದುಕೊಳ್ಳುತ್ತದೆ. ‘ಫೋನ್ ಪೋರ್ಟ್’, ‘ಲೈನ್ ಪೋರ್ಟ್’ ಎಂದು ಬರೆದಿದ್ದೇನೆ, ಕನ್ನಡ ಮಾಡುವ ಚಪಲ ಇಲ್ಲಿ ಬೇಡ. ಹೊರಗಿನ ಲೈನಿಗೆ ಅನ್ನುವ ‘ಟ್ರಂಕ್’ ಮಾತ್ರ ಬಿಟ್ಟೇ ಬಿಡುತ್ತೇನೆ. ಟ್ರಂಕ್ ಕಾಲ್ ನೆನಪಿರುವವರು ಕಡಿಮೆ, ಉಳಿದವರಿಗೆ ಟ್ರಂಕು ಅಂದರೆ ಬಟ್ಟೆ ಇಡುವ ತಗಡಿನ ಪೆಟ್ಟಿಗೆ.

ನನಗೆ ಉತ್ತರ ಬೇಕಾಗಿರುವುದು ಮುಖ್ಯವಾಗಿ ಎರಡಕ್ಕೆ. ‘ಹಾಯಿಸು’ ಒಪ್ಪಿಗೆಯಾದರೆ ಅದರ ನಾಮಪದ ಏನು? ‘ಹಾಯಿಸುವಿಕೆ’ ಮೆನುವಿನಲ್ಲಿ ಹಿಡಿಸುವುದಿಲ್ಲ, ‘ಹಾಯಿಕೆ’ ಎಲ್ಲಾದರೂ ಬಳಕೆಯಲ್ಲಿ ಇದೆಯೇ? ಇನ್ನೊಂದು, ಯಾವ ಕಟ್ಟಳೆಗೂ ತಾಳೆಯಾಗದಿದ್ದಾಗ ಬರುವ ಬೇಗ ಬೇಗ ಬಡಿಯುವ ಸದ್ದು. ಇದನ್ನೂ ಜನ ‘ಎಂಗೇಜ್’ ಅಂದುಬಿಡುತ್ತಾರೆ, ಆ ಕಡೆಯವರು ಮಾತಾಡುತ್ತಿದ್ದಾರೆ ಅಂದುಕೊಂಡು ಆಮೇಲೆ ಮಾಡೋಣ ಎಂದು ಇಟ್ಟುಬಿಡುತ್ತಾರೆ. ಕರೆ ಮನೆ ದಾಟಿಯೇ ಇರುವುದಿಲ್ಲ. ಎಂಗೇಜ್ ಅಲ್ಲ ಎಂದು ಕೇಳಿದ ಕೂಡಲೇ ಗೊತ್ತಾಗುವಂಥ ಹೆಸರು ಬೇಕು. ನಿಮ್ಮ ಕಡೆ ಇದಕ್ಕೆ ಏನನ್ನುತ್ತಾರೆ?