ದತ್ತು ಮತ್ತು ಫಾಸ್ಟರ್ ಮಕ್ಕಳ ಮಾನಸಿಕ ಆರೋಗ್ಯ: ಅಧ್ಯಯನದಲ್ಲಿ ಏನನ್ನು, ಯಾರಿಂದ ಅಳೆಯಬೇಕು?

ಎಂಎಸ್‌ಡಬ್ಲ್ಯೂ ಕೊನೇ ವರ್ಷ:
ದತ್ತು ಹೋದ ಮತ್ತು ಫಾಸ್ಟರ್ (ದತ್ತು ಪಡೆಯದೆ ಸಾಕುವ) ಮನೆಗಳಲ್ಲಿರುವ 4ರಿಂದ 16 ವರ್ಷದ ಮಕ್ಕಳಿಗೆ ಸಿಗುವ ಆಪ್ತಸಮಾಲೋಚನೆ, ಚಿಕಿತ್ಸೆಗಳಿಂದ ನಿಜಕ್ಕೂ ಉಪಯೋಗ ಆಗುತ್ತಿದೆಯೇ ಎಂದು ನೋಡುವ ಅಧ್ಯಯನ ಇದು. 60 ಕುಟುಂಬಗಳಿಗೆ ಆರು ತಿಂಗಳ ಅಂತರದಲ್ಲಿ ಎರಡು ಸಲ ಎಸ್‌ಡಿಕ್ಯೂ (ಮಕ್ಕಳ ಭಾವನೆ, ವರ್ತನೆಯ ತೊಂದರೆ ಅಳೆಯುವ) ಪ್ರಶ್ನಾವಳಿ ಕೊಡುವುದು, 12 ಮಕ್ಕಳ ಸಂದರ್ಶನ ಮಾಡುವುದು, ಹೋಲಿಕೆಗೆ ಅದೇ ಶಾಲೆಯ ಸಹಪಾಠಿಗಳನ್ನು ತೆಗೆದುಕೊಳ್ಳುವುದು ಸದ್ಯದ ಯೋಜನೆ. ಎಸ್‌ಡಿಕ್ಯೂ ಒಂದೇ ಸಾಕೇ? ದತ್ತು, ಫಾಸ್ಟರ್ ಎರಡನ್ನೂ ಒಂದೇ ಗುಂಪಾಗಿ ನೋಡಬಹುದೇ? ಹಲವು ಫೈಲುಗಳಲ್ಲಿ ‘ಅಟ್ಯಾಚ್‌ಮೆಂಟ್ ಡಿಸಾರ್ಡರ್’ (ಪಾಲಕರೊಂದಿಗಿನ ಬಾಂಧವ್ಯದ ತೊಂದರೆ) ಎಂದು ಬರೆದಿದೆ, ಅದನ್ನು ಹಾಗೇ ನಂಬಬಹುದೇ?

ಅಳತೆಗೋಲು:
ಎಸ್‌ಡಿಕ್ಯೂ ಇರಲಿ, ಕೈಬಿಡಬೇಡಿ. ಇರುವುದು 25 ಪ್ರಶ್ನೆ. ಪಾಲಕರು, ಶಿಕ್ಷಕರು, 11 ದಾಟಿದ ಮಕ್ಕಳು ಪ್ರತ್ಯೇಕವಾಗಿ ತುಂಬಬಹುದು. ಆದರೆ ಮೂಲ ನಮೂನೆ ಕೇಳುವುದು ಕಳೆದ ಆರು ತಿಂಗಳ ವರ್ತನೆಯನ್ನು. ಮಗು ಮನೆಗೆ ಬಂದು ಏಳು ವಾರವಷ್ಟೇ ಆಗಿದ್ದರೆ ಸಾಕುತಾಯಿ ಉಳಿದದ್ದನ್ನು ಊಹಿಸಿ ಗುರುತು ಹಾಕುತ್ತಾರೆ. ಅದೂ ಅಲ್ಲದೆ, ಹೊಸ ಮನೆಯಲ್ಲಿ ಮೊದಲ ಕೆಲವು ವಾರ ಎಷ್ಟೋ ಮಕ್ಕಳು ಉಸಿರು ಬಿಗಿಹಿಡಿದಂತೆ ಸುಮ್ಮನಿರುತ್ತಾರೆ. ಇಲ್ಲಿಂದ ನನ್ನನ್ನು ಕಳಿಸುವುದಿಲ್ಲ ಎಂದು ಸ್ವಲ್ಪ ಧೈರ್ಯ ಬಂದ ಮೇಲೆಯೇ ಸಿಟ್ಟು, ಹಟ, ರಾತ್ರಿಯ ಅಳು ಹೊರಬರುವುದು. ಎರಡನೇ ಅಳತೆ ಸರಿಯಾಗಿ ಆಗಲೇ ಬಿದ್ದರೆ ಅಂಕ ಏರುತ್ತದೆ (ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು), ನೀವು ಚಿಕಿತ್ಸೆಯೇ ಕೆಡಿಸಿತು ಎಂದು ಬರೆದುಬಿಡುತ್ತೀರಿ. ಹಾಗಾಗಿ ಮಗು ಆ ಮನೆಗೆ ಬಂದ ದಿನಾಂಕ ಪ್ರತಿ ಫಾರ್ಮಿನ ಮೇಲೂ ಇರಲಿ. ಆರು ತಿಂಗಳು ತುಂಬದವರನ್ನು ಬೇರೆಯಾಗಿ ವಿಶ್ಲೇಷಿಸಿ.

ಇದಕ್ಕಿಂತ ದೊಡ್ಡ ತೊಂದರೆ ಮನೆ ಬದಲಾವಣೆ. ಮೊದಲ ಫಾರ್ಮ್ ಒಬ್ಬರು, ಎರಡನೆಯದು ಇನ್ನೊಬ್ಬರು ತುಂಬಿದರೆ ಎರಡು ಅಂಕಗಳನ್ನು ಕಳೆದು ‘ಸುಧಾರಣೆ’ ಎನ್ನುವಂತಿಲ್ಲ. ನಡುವೆ ಮನೆ ಬದಲಾದ ಮಕ್ಕಳು ಅಧ್ಯಯನದಿಂದಲೇ ಜಾರಿಹೋಗುತ್ತಾರೆ, ಹೆಚ್ಚು ಕಷ್ಟದಲ್ಲಿರುವವರೂ ಸಾಮಾನ್ಯವಾಗಿ ಅವರೇ. ಉಳಿದವರ ಸರಾಸರಿ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. 60ರಿಂದ ಶುರುಮಾಡಿ ಕೊನೆಗೆ 41 ಉಳಿದರೆ, ಹೋದ 19 ಮಕ್ಕಳ ಮೊದಲ ಅಂಕ ಎಷ್ಟಿತ್ತು ಎಂಬುದನ್ನು ತಪ್ಪದೆ ವರದಿ ಮಾಡಿ.

ಎಸ್‌ಡಿಕ್ಯೂ ಕೇಳದೇ ಬಿಡುವ ಸಂಗತಿಗಳೂ ಇವೆ. ದಿಂಬಿನ ಚೀಲದೊಳಗೆ ಬಿಸ್ಕತ್ತು ಬಚ್ಚಿಡುವುದು, ಅಪರಿಚಿತರ ಮಡಿಲಿಗೆ ಏರಿ ಕೂರುವುದು, ಎಷ್ಟೇ ಪೆಟ್ಟಾದರೂ ನೋವು ಹೇಳದಿರುವುದು, ವಯಸ್ಸಿಗೆ ಮೀರಿ ದೊಡ್ಡವರಂತೆ ನಡೆದುಕೊಳ್ಳುವುದು. ಇಂಥವುಗಳಿಗೆಂದೇ ಮನಶ್ಶಾಸ್ತ್ರಜ್ಞ ಮೈಕೆಲ್ ಟ್ಯಾರನ್-ಸ್ವೀನಿ ‘ಅಸೆಸ್‌ಮೆಂಟ್ ಚೆಕ್‌ಲಿಸ್ಟ್’ಗಳನ್ನು ರೂಪಿಸಿದ್ದಾರೆ. ಅದರ ಚಿಕ್ಕ ರೂಪದಲ್ಲಿ 20 ಅಂಶಗಳಷ್ಟೇ ಇವೆ, ಎಸ್‌ಡಿಕ್ಯೂ ಜೊತೆಗೆ ಕೊಟ್ಟರೆ ಭಾರವಾಗದು. ಯಾವ ಪ್ರಶ್ನಾವಳಿಯನ್ನೇ ಆಗಲಿ ನೀವೇ ಅನುವಾದಿಸಿ, ಪದ ತಿದ್ದಿ ಬಳಸಬೇಡಿ. ಅಂಕದ ಅರ್ಥವೇ ಬದಲಾಗಿಬಿಡುತ್ತದೆ.

ಸಹಪಾಠಿಗಳ ಜೊತೆ ಹೋಲಿಸುವುದನ್ನು ಬಿಟ್ಟುಬಿಡಿ. ಈ ಮಕ್ಕಳಿಗೆ ತೊಂದರೆ ಹೆಚ್ಚು ಎಂಬುದಷ್ಟೇ ಅದರಿಂದ ಸಿಗುತ್ತದೆ, ಅದು ಮೊದಲೇ ಗೊತ್ತಿರುವ ವಿಷಯ. ರೊಮೇನಿಯಾದಿಂದ, ಬಹುಪಾಲು ಅನಾಥಾಲಯಗಳಿಂದ, ಬ್ರಿಟನ್ನಿಗೆ ದತ್ತು ಬಂದ 165 ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟ್ಟರ್ ತಂಡ ಅಧ್ಯಯನ ಮಾಡಿದಾಗ ಹೋಲಿಕೆಗೆ ತೆಗೆದುಕೊಂಡದ್ದು ಬ್ರಿಟನ್ನಿನಲ್ಲೇ ಆರು ತಿಂಗಳ ವಯಸ್ಸಿನೊಳಗೆ ದತ್ತು ಹೋದ 52 ಮಕ್ಕಳನ್ನು. ಹಾಗಾಗಿ ದತ್ತು ಎಂಬುದರ ಪರಿಣಾಮ ಯಾವುದು, ಅದಕ್ಕೂ ಮುಂಚಿನ ನಿರ್ಲಕ್ಷ್ಯದ ಪರಿಣಾಮ ಯಾವುದು ಎಂದು ಬಿಡಿಸಿ ನೋಡಲು ಸಾಧ್ಯವಾಯಿತು. ನಿಮ್ಮ ಪ್ರಶ್ನೆ ನೆರವಿನ ಬಗ್ಗೆ, ಆದ್ದರಿಂದ ಚಿಕಿತ್ಸೆಗಾಗಿ ಸರದಿಯಲ್ಲಿ ಕಾಯುತ್ತಿರುವ, ಇದೇ ಹಿನ್ನೆಲೆಯ ಮಕ್ಕಳೇ ಸರಿಯಾದ ಹೋಲಿಕೆ. ಪರಿಸ್ಥಿತಿ ತೀರಾ ಕೆಟ್ಟಾಗಲೇ ಮಕ್ಕಳನ್ನು ಚಿಕಿತ್ಸೆಗೆ ಕಳಿಸುವುದರಿಂದ, ಏನೂ ಮಾಡದಿದ್ದರೂ ಸ್ವಲ್ಪ ಇಳಿಕೆ ಕಾಣುವುದುಂಟು. ಕಾಯುವವರ ಗುಂಪಿದ್ದರೆ ಆ ಇಳಿಕೆಯೂ ಲೆಕ್ಕಕ್ಕೆ ಸಿಗುತ್ತದೆ.

ದತ್ತು, ಫಾಸ್ಟರ್ ಎರಡನ್ನೂ ಖಂಡಿತ ಬೇರೆ ಇಡಿ. ಒಂದರಲ್ಲಿ ಮನೆ ಶಾಶ್ವತ. ಇನ್ನೊಂದರಲ್ಲಿ ಹೆತ್ತವರ ಭೇಟಿ ಇರಬಹುದು, ಮುಂದೆ ಎಲ್ಲಿ ಎಂಬುದು ಮಗುವಿಗೇ ಗೊತ್ತಿರುವುದಿಲ್ಲ. ಭೇಟಿಯ ಮರುದಿನ ತುಂಬಿದ ಫಾರ್ಮಿಗೂ ಹತ್ತು ದಿನ ಬಿಟ್ಟು ತುಂಬಿದ ಫಾರ್ಮಿಗೂ ವ್ಯತ್ಯಾಸ ಬರುತ್ತದೆ.

ಮಕ್ಕಳ ಕ್ಲಿನಿಕ್:
ಫೈಲಿನ ಹಣೆಪಟ್ಟಿಯನ್ನು ಹಾಗೇ ತೆಗೆದುಕೊಳ್ಳಬೇಡಿ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಈ ಒಂದು ಹೆಸರಿನ ಹಿಂದಿರುವುದು ಎರಡು ಬೇರೆ ಬೇರೆ ರೋಗನಿರ್ಣಯಗಳು. ನೊಂದಾಗಲೂ ಯಾರ ಬಳಿಯೂ ಸಾಂತ್ವನ ಹುಡುಕದ ಮಗುವಿನದು ಒಂದು. ಯಾರ ಜೊತೆಗಾದರೂ ಹಿಂದುಮುಂದು ನೋಡದೆ ಹೊರಟುಬಿಡುವ ಮಗುವಿನದು ಇನ್ನೊಂದು. ಎರಡಕ್ಕೂ ತೀವ್ರ ನಿರ್ಲಕ್ಷ್ಯದ ಹಿನ್ನೆಲೆ ಇರಲೇಬೇಕು, ಮೊದಲನೆಯದರ ಲಕ್ಷಣ 5 ವರ್ಷದೊಳಗೆ ಕಾಣಿಸಿರಬೇಕು, ಆಟಿಸಂ ಅಲ್ಲ ಎಂಬುದೂ ಖಚಿತವಾಗಿರಬೇಕು. ಸುಳ್ಳು, ಕಳ್ಳತನ, ಎದುರುತ್ತರ ಇವು ಯಾವುದೂ ಮಾನದಂಡಗಳಲ್ಲ. ಹದಿಮೂರರ ಹುಡುಗ ಬಾಗಿಲು ಒದ್ದ ಎಂದು ಈ ಹೆಸರು ಬರೆದಿದ್ದರೆ ಆತಂಕ, ಆಘಾತ, ಕಲಿಕೆಯ ತೊಂದರೆ ಯಾವುದನ್ನೂ ಯಾರೂ ಪರೀಕ್ಷಿಸದೇ ಬಿಟ್ಟಿರುವ ಸಂಭವ ಹೆಚ್ಚು.

ಈ ಬೇರ್ಪಡಿಕೆಯಿಂದ ನಿಮ್ಮ ಫಲಿತಾಂಶದ ನಿರೀಕ್ಷೆಯೂ ಬದಲಾಗಬೇಕು. ರೊಮೇನಿಯಾದ ಬುಕಾರೆಸ್ಟಿನಲ್ಲಿ ಅನಾಥಾಲಯದ 136 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಸಾಂತ್ವನ ಹುಡುಕದಿರುವ ಲಕ್ಷಣ ಒಳ್ಳೆಯ ಫಾಸ್ಟರ್ ಮನೆ ಸಿಕ್ಕಮೇಲೆ ಬೇಗ ಇಳಿಯಿತು. ಅಪರಿಚಿತರ ಜೊತೆಗಿನ ಅತಿ ಸಲುಗೆ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಆರು ತಿಂಗಳಲ್ಲಿ ಅದು ಹೋಗಲಿಲ್ಲ ಎಂದು ಚಿಕಿತ್ಸಕರನ್ನೋ ಸಾಕುಮನೆಯವರನ್ನೋ ದೂರಿದರೆ ಅನ್ಯಾಯವಾಗುತ್ತದೆ.

ಇನ್ನೊಂದು ಮಾತು: ಎಲ್ಲ ನೆರವನ್ನೂ ‘ಕೌನ್ಸೆಲಿಂಗ್’ ಎಂಬ ಒಂದೇ ಪದದಡಿ ದಾಖಲಿಸಬೇಡಿ. ಕೋಣೆಯಲ್ಲಿ ಮಗು ಒಂದೇ ಇತ್ತೇ, ಪಾಲಕರೂ ಇದ್ದರೇ, ಪಾಲಕರಷ್ಟೇ ಇದ್ದರೇ? ಎಷ್ಟು ಅವಧಿ (ಸೆಷನ್) ಗೊತ್ತುಮಾಡಿದ್ದರು, ಎಷ್ಟು ನಡೆಯಿತು? ಶಿಶುಗಳಿಗಾಗಿ ಮನಶ್ಶಾಸ್ತ್ರಜ್ಞೆ ಮೇರಿ ಡೋಜಿಯರ್ ರೂಪಿಸಿದ ಎಬಿಸಿ ಕಾರ್ಯಕ್ರಮದಲ್ಲಿ ಮನೆಗೇ ಬಂದು 10 ಅವಧಿ ತರಬೇತಿ ಕೊಡುತ್ತಾರೆ, ತರಬೇತಿ ಪಾಲಕರಿಗೆ. ಆಘಾತದ ಲಕ್ಷಣಗಳಿಗೆ ಬಳಸುವ, ಆಲೋಚನೆ-ವರ್ತನೆ ತಿದ್ದುವ ಟಿಎಫ್‌-ಸಿಬಿಟಿ ಚಿಕಿತ್ಸೆಯಲ್ಲಿ ಮಗುವಿನ ಜೊತೆಗೂ ಪಾಲಕರ ಜೊತೆಗೂ ಕೆಲಸ ನಡೆಯುತ್ತದೆ. ಎರಡನ್ನೂ ಒಂದೇ ಕಾಲಂಗೆ ಹಾಕಿದರೆ ಏನೂ ತಿಳಿಯದು. ಮಗುವನ್ನು ಬಲವಂತವಾಗಿ ಅದುಮಿಹಿಡಿಯುವ ‘ಹೋಲ್ಡಿಂಗ್ ಥೆರಪಿ’ ಎಲ್ಲಾದರೂ ಕಂಡರೆ ಅದನ್ನು ದತ್ತಾಂಶವೆಂದು ಬರೆದುಕೊಂಡು ಸುಮ್ಮನಾಗಬೇಡಿ. ಅದರಿಂದ ಮಕ್ಕಳು ಸತ್ತಿದ್ದಾರೆ. ತಕ್ಷಣ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಿಳಿಸಬೇಕು, ಈ ಕ್ರಮವನ್ನು ನಿಮ್ಮ ನೈತಿಕ ಅನುಮತಿಯ ಅರ್ಜಿಯಲ್ಲಿ ಮೊದಲೇ ಬರೆದಿಡಿ.

ಎಂಎಸ್‌ಡಬ್ಲ್ಯೂ ಕೊನೇ ವರ್ಷ:
ಹೋಲಿಕೆ ಗುಂಪು ಬದಲಿಸುತ್ತೇನೆ, 20 ಅಂಶಗಳ ಪಟ್ಟಿಯನ್ನೂ ಸೇರಿಸುತ್ತೇನೆ. 12 ಸಂದರ್ಶನಗಳನ್ನು ಹೇಗೆ ಶುರುಮಾಡಬೇಕು?

ಮಾತಿಗಿಂತ ಮೊದಲು:
‘ನಿನ್ನ ಅಮ್ಮ’ ಎಂಬ ಪದವನ್ನು ನೀವಾಗಿ ಬಳಸಬೇಡಿ. ಯಾವ ಅಮ್ಮ ಎಂದು ಮಗು ತಡವರಿಸುತ್ತದೆ, ಅಲ್ಲಿಗೆ ಸಂದರ್ಶನ ಮುಗಿದಂತೆ. ಒಂದು ಹಾಳೆ ಕೊಟ್ಟು ನಡುವೆ ‘ನಾನು’ ಎಂದು ಬರೆಸಿ, ಮುಖ್ಯವಾದವರನ್ನೆಲ್ಲ ಸುತ್ತ ಬರೆಯಲು ಹೇಳಿ. ಹತ್ತಿರದವರು ಹತ್ತಿರ, ದೂರದವರು ದೂರ. ಯಾರನ್ನು ಏನೆಂದು ಕರೆಯುತ್ತದೋ ಆ ಹೆಸರುಗಳನ್ನೇ ಮುಂದೆ ಬಳಸಿ. ಹಾಳೆ ಮಗುವಿನದೇ, ನೀವು ಇಟ್ಟುಕೊಳ್ಳುವುದಿದ್ದರೆ ನಕಲು ಮಾಡಿಕೊಳ್ಳಿ.

ತಾನು ದತ್ತು ಎಂಬುದು ಮಗುವಿಗೆ ಗೊತ್ತಿದೆಯೇ, ಯಾವ ಮಾತಿನಲ್ಲಿ ಹೇಳಿದ್ದಾರೆ ಎಂಬುದನ್ನು ಪಾಲಕರಿಂದ ಮುಂಚೆಯೇ ಕೇಳಿ ಬರೆದುಕೊಳ್ಳಿ. ಗೊತ್ತಿಲ್ಲದಿದ್ದರೆ ಆ ಮಗುವಿನ ಸಂದರ್ಶನ ಬೇಡ. ಫಾಸ್ಟರ್ ಮಗುವಿನ ವಿಷಯದಲ್ಲಿ ಸಹಿ ಹಾಕುವ ಕಾನೂನಿನ ಅಧಿಕಾರ ಸಾಕುಮನೆಯವರಿಗೆ ಇಲ್ಲದಿರಬಹುದು, ಇದನ್ನು ವಿಚಾರಿಸದೆ ಶುರುಮಾಡಿದ ಅಧ್ಯಯನಗಳು ಅರ್ಧಕ್ಕೇ ನಿಲ್ಲುತ್ತವೆ.

ಬೇಡ ಎನ್ನಲು ಒಂದು ಕೆಂಪು ಕಾರ್ಡ್ ಕೊಡಿ. ಮೊದಲ ಐದು ನಿಮಿಷದಲ್ಲೇ ಊಟ ತಿಂಡಿಯಂಥ ಹಗುರ ಪ್ರಶ್ನೆಯ ಮೇಲೆ ಅದನ್ನು ಎತ್ತಿಸಿ ಅಭ್ಯಾಸ ಮಾಡಿಸಿ. ಬಿಟ್ಟುಹೋದ ದೊಡ್ಡವರ ಪಟ್ಟಿ ಈ ಮಕ್ಕಳ ಬಳಿ ಉದ್ದವೇ ಇರುತ್ತದೆ. ಆದ್ದರಿಂದ ಎಷ್ಟು ಸಲ ಬರುತ್ತೀರಿ, ಕೊನೆಯ ಸಲ ಯಾವುದು ಎಂದು ಮೊದಲ ದಿನವೇ ಕ್ಯಾಲೆಂಡರಿನಲ್ಲಿ ತೋರಿಸಿ, ಆ ದಿನ ತಪ್ಪದೆ ಹೋಗಿ.